ಭಟ್ಟಿ ಆರಿದ ದಿನದ ಬಾಯಾರಿಕೆ

1981ರ ಜುಲೈ 17, ಶುಕ್ರವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಜೈನಾಬಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ನೀರು ಕುಡಿಯುತ್ತಿದ್ದಳು. ರಂಜಾನ್ ತಿಂಗಳು. ರೋಜಾ ಉಪವಾಸ ಬಿಡುವುದಕ್ಕೆ ಇನ್ನೂ ಮೂರು ತಾಸು ಹತ್ತಿರ ಇತ್ತು. ಒಂದು ಲೋಟ ಮುಗಿಸಿ ಇನ್ನೊಂದು ತುಂಬಿಕೊಂಡಳು, ಅದನ್ನೂ ಒಂದೇ ಉಸಿರಿಗೆ ಇಳಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ತಿರುಗಿದರೆ ಮಗಳು ಮುಮ್ತಾಜ್ ಹೊಸ್ತಿಲಲ್ಲಿ ನಿಂತಿದ್ದಳು.

"ಅಮ್ಮೀ..."

"ನೋಡಿದ್ದು ನೋಡಿದಿ. ನಿಮ್ಮಪ್ಪಗ ಹೇಳಬ್ಯಾಡ."

ಮುಮ್ತಾಜ್ ಲೋಟ ಇಸಿದುಕೊಂಡು ತೊಳೆದು ಬೋರಲು ಹಾಕಿದಳು. ತಾಯಿ ರೋಜಾ ಮುರಿದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ರಂಜಾನ್ ಯಾವ ತಿಂಗಳಲ್ಲಿ ಬಂದರೂ, ಭಟ್ಟಿಯ ಮುಂದೆ ನಿಂತು ಉಸುಕು ಜರಡಿ ಹಿಡಿಯುತ್ತಿದ್ದ ದಿನಗಳಲ್ಲೂ, ಜೈನಾಬಿ ಸೂರ್ಯ ಮುಳುಗುವ ಮೊದಲು ತುಟಿಗೆ ಹನಿ ನೀರು ಸೋಕಿಸಿದವಳಲ್ಲ.

ಜೈನಾಬಿಯ ಗಂಡ ಹಯಾತ್ ಸಾಬ್ ದಾವಣಗೆರೆಯಲ್ಲಿ ಸಣ್ಣದೊಂದು ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ. ಉಪ್ಪುನೀರು ಹಿಡಿಸಿ ಒಣಗಿಸಿದ ಅಕ್ಕಿಯನ್ನು ಕಾದ ಉಸುಕಿಗೆ ಸುರಿದು ಕೈಯಾಡಿಸುವುದು ಅವನ ಕೆಲಸ. ಅರಳಿದ ಮಂಡಕ್ಕಿಯನ್ನು ಉಸುಕಿನಿಂದ ಬೇರೆ ಮಾಡುವುದು ಅವಳದು. ಉರಿಯ ಮುಂದೆ ಬೆವರು ಧಾರಾಕಾರ ಇಳಿಯುತ್ತದೆ. ಆದ್ದರಿಂದ ಭಟ್ಟಿಯ ಮೂಲೆಯಲ್ಲಿ ಯಾವಾಗಲೂ ಒಂದು ದೊಡ್ಡ ಹರವಿ ನೀರು ಇರುತ್ತಿತ್ತು. ಭಟ್ಟಿಗಳೇ ತುಂಬಿದ್ದ ಆ ಓಣಿಯ ಯಾವ ಮನೆಯಲ್ಲೂ ಬಾಯಾರಿಕೆಯನ್ನು ಯಾರೂ ಕಾಯಿಲೆ ಎಂದುಕೊಳ್ಳುತ್ತಿರಲಿಲ್ಲ. ಹರವಿ ಬೇಗ ಖಾಲಿಯಾದರೆ "ಇವತ್ತು ಉರಿ ಜೋರೈತೆ" ಎನ್ನುತ್ತಿದ್ದರು, ಅಷ್ಟೇ. ಆರು ತಿಂಗಳಿಂದ ಜೈನಾಬಿ ಹರವಿಯ ಬಳಿ ಪದೇ ಪದೇ ಹೋಗುತ್ತಿದ್ದಳು, ರಾತ್ರಿ ಮೂರು ನಾಲ್ಕು ಸಲ ಎದ್ದು ಹಿತ್ತಲಿಗೂ ಹೋಗುತ್ತಿದ್ದಳು. ಕುಡಿದ ನೀರು ಹೊರಗೆ ಹೋಗಲೇಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಆದರೆ ಆ ಶುಕ್ರವಾರಕ್ಕೆ ಭಟ್ಟಿ ಆರಿ ನಾಲ್ಕು ದಿನವಾಗಿತ್ತು. ಮುಂಗಾರಿನ ಮೋಡ ಕವಿದು ಅಕ್ಕಿ ಒಣಗಿರಲಿಲ್ಲ. ಹೊರಗೆ ತಣ್ಣನೆಯ ಗಾಳಿ. ಉರಿಯಿಲ್ಲ, ಬೆವರಿಲ್ಲ. ಆದರೂ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಇದು ಭಟ್ಟಿಯ ಬಾಯಾರಿಕೆ ಅಲ್ಲವೆಂದು ಅವಳಿಗೆ ಎರಡನೆಯ ಲೋಟ ಇಳಿಯುವಷ್ಟರಲ್ಲಿ ಗೊತ್ತಾಗಿಹೋಯಿತು. ಹಾಗಾದರೆ ಯಾವುದೆಂದೂ ಗೊತ್ತಾಯಿತು. ಆ ಬಾಯಾರಿಕೆಯನ್ನು ಅವಳು ತನ್ನ ತಾಯಿಯ ಮನೆಯಲ್ಲಿ ಕಂಡಿದ್ದಳು.

ತಾಯಿ ಖುರ್ಷೀದಾ ಸಕ್ಕರೆ ಕಾಯಿಲೆಯಿಂದ ಸತ್ತವಳು. ಕಾಲಿನ ಹುಣ್ಣು ಮಾಯದೆ ಹೋದಾಗಲೇ ಅದು ಇದೆಯೆಂದು ತಿಳಿದದ್ದು. ದೊಡ್ಡಣ್ಣ ಅಬ್ದುಲ್ ರಹೀಮನಿಗೆ ನಲವತ್ತನಾಲ್ಕಕ್ಕೆ ಬಂತು. ಎಡಗಾಲಿನ ಎರಡು ಬೆರಳು ತೆಗೆದಿದ್ದರು. ಎರಡನೆಯ ಅಣ್ಣ ಮಸ್ತಾನಸಾಬನಿಗೆ ನಲವತ್ತೊಂದಕ್ಕೆ ಬಂತು. ಈಗ ಅವನಿಗೆ ಕಣ್ಣು ಮಂಜು. ಜೈನಾಬಿಗೆ ಆಗ ಮೂವತ್ತೊಂಬತ್ತು.

ಇಷ್ಟು ಕಂಡೂ ಅವಳು ಹೆದರದೆ ಇದ್ದದ್ದಕ್ಕೆ ಒಂದು ಕಾರಣವಿತ್ತು. ಅವಳು ತಾಯಿಯ ಹಾಲು ಕುಡಿದಿರಲಿಲ್ಲ.

ಅವಳನ್ನು ಹೆತ್ತ ವಾರದಲ್ಲೇ ಖುರ್ಷೀದಾಳಿಗೆ ವಿಪರೀತ ಜ್ವರ ಬಂದು ಎದೆಹಾಲು ಬತ್ತಿತು. ಗೋಡೆಯಾಚೆಯ ಮನೆಯ ದುರುಗವ್ವನಿಗೆ ಆಗ ಮೂರು ತಿಂಗಳ ಗಂಡುಕೂಸು, ಕಲ್ಲಪ್ಪ. ಅವಳು ಕೂಸನ್ನು ಒಂದು ಮಗ್ಗುಲಿಗೆ ಹಾಕಿಕೊಂಡು ಇನ್ನೊಂದು ಮಗ್ಗುಲಿಗೆ ಜೈನಾಬಿಯನ್ನು ಹಾಕಿಕೊಂಡಳು. ಎರಡು ವರ್ಷ ಹಾಗೇ ನಡೆಯಿತು. ಮುಸಲ್ಮಾನರ ಮನೆಯಲ್ಲಿ ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ; ಅವರ ನಡುವೆ ಮದುವೆಯಿಲ್ಲ, ಮರೆಯೂ ಇಲ್ಲ. ಹೀಗಾಗಿ ಕಲ್ಲಪ್ಪ ಜೈನಾಬಿಗೆ ಅಣ್ಣನಾದ. ಅವಳ ಗಂಡನ ಮನೆಗೆ ಕೇಳದೆ ಬರಬಲ್ಲ, ಅವಳು ಅವನೊಡನೆ ಊರಿಗೆ ಹೋಗಬಲ್ಲಳು.

ಮುಂದೆ ಖುರ್ಷೀದಾಳ ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಮಲಗಿದಾಗ ಮನೆಯ ಹಿರಿಯರು ಲೆಕ್ಕ ಹಾಕಿದರು: ಕಾಯಿಲೆ ಖುರ್ಷೀದಾಳ ಹಾಲಿನಲ್ಲಿ ಬಂದದ್ದು. ಜೈನಾ ಅದನ್ನು ಕುಡಿದಿಲ್ಲ, ಪಾರಾದಳು. ದುರುಗವ್ವನ ವಂಶದಲ್ಲಿ ಸಕ್ಕರೆಯಿಲ್ಲ. ಎಪ್ಪತ್ತು ದಾಟಿದರೂ ಮುದುಕಿ ಬೆಲ್ಲದುಂಡೆ ಕಡಿಯುತ್ತಾಳೆ. ಮಾತು ಮನೆಯಿಂದ ಮನೆಗೆ ಹೋಗಿ ನಿಜವಾಗಿ ನಿಂತುಬಿಟ್ಟಿತು.

ಆ ನಿಜದ ಮೇಲೆಯೇ ಮುಮ್ತಾಜಳ ಮದುವೆಯೂ ನಿಂತಿತ್ತು. ಅಬ್ದುಲ್ ರಹೀಮನ ಮಗ ಹಿದಾಯತ್ ಸೈಕಲ್ ಅಂಗಡಿ ಇಟ್ಟಿದ್ದ. ಮುಮ್ತಾಜಳನ್ನು ಅವನಿಗೆ ತಂದುಕೊಳ್ಳುವ ಮಾತು ಬಂದಾಗ ಅತ್ತಿಗೆ ಹಿಂದೆ ಮುಂದೆ ನೋಡಿದ್ದಳು. ಗಂಡನ ಕಾಲಿಗೆ ಪಟ್ಟಿ ಕಟ್ಟಿ ಕಟ್ಟಿ ಅವಳ ಜೀವ ಹಣ್ಣಾಗಿತ್ತು. "ನನ್ನ ಮೊಮ್ಮಕ್ಕಳಿಗೆ ಒಂದು ಕಡೆಯಿಂದ ಬಂದರೆ ಸಾಕು, ಎರಡೂ ಕಡೆಯಿಂದ ಬ್ಯಾಡ" ಎಂದಿದ್ದಳು. ಆಗ ಜೈನಾಬಿಯೇ ಎದೆ ತಟ್ಟಿಕೊಂಡು "ನನ್ನ ಮೈಯಾಗ ಆ ಹಾಲಿಲ್ಲ ಭಾಬಿ" ಎಂದು ಮಾತು ಕೊಟ್ಟಿದ್ದಳು. ಈದ್ ಮುಗಿದ ಎರಡನೆಯ ಭಾನುವಾರ ಮಾತು ಗಟ್ಟಿ ಮಾಡುವುದೆಂದು ನಿಶ್ಚಯವಾಗಿತ್ತು. ಮುಮ್ತಾಜ್ ಸೈಕಲ್ ಗಂಟೆ ಕೇಳಿದರೆ ಕಿಟಕಿಗೆ ಹೋಗುತ್ತಿದ್ದಳು.

ಈಗ ಜೈನಾಬಿ ಲೋಟ ಬೋರಲು ಹಾಕಿದ ಮಗಳ ಬೆನ್ನನ್ನೇ ನೋಡುತ್ತ ನಿಂತಳು.

ಆ ಭಾನುವಾರ ಕಲ್ಲಪ್ಪ ಹರಿಹರದಿಂದ ಬಂದ. ಅಲ್ಲಿಯ ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದ ಅವನು ರಜೆಯ ದಿನ ತಾಯಿಯನ್ನು ನೋಡಲು ಬಂದರೆ ಜೈನಾಬಿಯ ಮನೆಗೂ ಬಾರದೆ ಹೋಗುತ್ತಿರಲಿಲ್ಲ.

"ಏನವ್ವ ತಂಗಿ, ಹಿಂಗ್ಯಾಕ ಸೊರಗೀಯ? ಮಂಡಕ್ಕಿ ಮಾರಿ ಮಾರಿ ನೀನೂ ಮಂಡಕ್ಕಿ ಆಗೀಯೇನು? ಗಾಳಿ ಬೀಸಿದ್ರ ಹಾರಿ ಹೋಗ್ತಿ ನೋಡು."

ಅವಳು ನಗಲಿಲ್ಲ. "ಅಣ್ಣಾ, ನಿಮ್ಮ ಊರಾಗ ಒಬ್ಬ ಡಾಕ್ಟ್ರು ಅದಾರೆ ಅಂತಿದ್ಯಲ್ಲ?"

"ರಾಮಚಂದ್ರಪ್ಪ ಡಾಕ್ಟ್ರು. ಯಾಕ?"

"ಇಲ್ಲಿ ಬ್ಯಾಡ. ಇಲ್ಲಿ ಭಾಬಿ ಕಿವಿಗೆ ಬೀಳತೈತೆ."

ಕಲ್ಲಪ್ಪನ ಮುಖದ ನಗೆ ಇಳಿಯಿತು. ಏನೆಂದು ಕೇಳಲಿಲ್ಲ. "ಮಂಗಳವಾರ ನನಗ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಕರಕೊಂಡು ಹೋಗ್ತೀನಿ" ಎಂದ.

ಹಯಾತ್ ಸಾಬನಿಗೆ ಹೆಂಗಸರ ತೊಂದರೆ ಎಂದು ಹೇಳಿದಳು. ಕರೆದುಕೊಂಡು ಹೋಗುವವನು ಕಲ್ಲಪ್ಪನೆಂದ ಮೇಲೆ ಅವನು ಇನ್ನೊಂದು ಮಾತು ಕೇಳಲಿಲ್ಲ.

ಹರಿಹರದ ಆ ದವಾಖಾನೆ ಎರಡು ಕೋಣೆಯದು. ರಾಮಚಂದ್ರಪ್ಪ ಡಾಕ್ಟರು ಐವತ್ತು ದಾಟಿದ ಸಣಕಲು ಮನುಷ್ಯ, ಮಾತು ನಿಧಾನ. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ಅವಳ ಮೂತ್ರದ ಕೆಲವು ಹನಿ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಹಿಡಿದರು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಸ್ವಲ್ಪವಿದ್ದರೆ ಹಸಿರು, ಹೆಚ್ಚಾದಂತೆ ಹಳದಿ, ಆಮೇಲೆ ಕಿತ್ತಳೆ. ಜೈನಾಬಿಯ ಕೊಳವೆ ಈ ಬಣ್ಣಗಳಲ್ಲಿ ಎಲ್ಲಿಯೂ ನಿಲ್ಲದೆ ಇಟ್ಟಿಗೆಯ ಕೆಂಪಿಗೆ ಹೋಗಿ ಮುಟ್ಟಿತು. ಉರಿಯ ಮೇಲೆ ಬಣ್ಣ ತಿರುಗುವುದನ್ನು ನೋಡಿ ಬಲ್ಲವಳು ಅವಳು, ಕಣ್ಣು ಕೀಳಲಿಲ್ಲ. ಡಾಕ್ಟರು ರಕ್ತವನ್ನೂ ತೆಗೆದು ಕಳಿಸಿದರು. ಬೆಳಗಿನ ಜಾವ ಸಹ್ರಿಯ ಊಟವಾದ ಮೇಲೆ ಅವಳು ಏನೂ ಮುಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ಬಂತು.

"ಇನ್ನೂರ ಎಂಬತ್ತನಾಲ್ಕು" ಎಂದರು ಡಾಕ್ಟರು. "ಖಾಲಿ ಹೊಟ್ಟೇಲಿ ನೂರರ ಆಸುಪಾಸು ಇರಬೇಕಾದದ್ದು. ನಿಮ್ಮ ಮನೇಲಿ ಯಾರಿಗಾದ್ರೂ ಇದೆಯೇನಮ್ಮ?"

"ಐತ್ರಿ. ತಾಯಿಗಿತ್ತು, ಇಬ್ಬರು ಅಣ್ಣಂದಿರಿಗೈತೆ. ಆದ್ರ ನನಗ ಬರಾಂಗಿಲ್ರಿ. ನಾನು ಅಮ್ಮನ ಹಾಲು ಕುಡಿದಿಲ್ಲ. ಇವರ ಅವ್ವನ ಹಾಲು ಕುಡಿದು ಬೆಳೆದಾಕಿ." ಅವಳು ಕಲ್ಲಪ್ಪನ ಕಡೆ ಕೈ ಮಾಡಿದಳು.

ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಲಿನಿಂದ ಬರೋದಲ್ಲಮ್ಮ ಇದು. ತಾಯಿ ತಂದೆಯಿಂದ ಬರಬೇಕಾದದ್ದು ಮಗು ಬಸಿರಲ್ಲಿ ಮೂಡೋ ಗಳಿಗೆಯಲ್ಲೇ ಬಂದು ಮುಗಿದಿರುತ್ತೆ. ಕೂದಲು, ಮೂಗು, ಎತ್ತರ ಬಂದ ಹಾಗೆ. ಹಾಲು ಆಮೇಲಿನ ಮಾತು. ನೀವು ಯಾರ ಎದೇಲಿ ಬೆಳೆದ್ರೂ ನಿಮ್ಮ ಮೂಗು ನಿಮ್ಮ ತಾಯಿದೇ ಅಲ್ಲವೇ?"

ಜೈನಾಬಿ ಅರಿವಿಲ್ಲದೆ ಮೂಗು ಮುಟ್ಟಿಕೊಂಡಳು. ಅದು ಖುರ್ಷೀದಾಳ ಮೂಗೇ, ಎಲ್ಲರೂ ಹೇಳುತ್ತಿದ್ದರು.

"ಮತ್ತ ನಮ್ಮ ಅಕ್ಕಗ ಬಂದಿಲ್ಲಲ್ರಿ? ಕುಕ್ಕುವಾಡದಾಗ ಅದಾಳೆ. ಖೈರುನ್ನೀಸಾ ಅಂತ. ಅಮ್ಮನ ಹಾಲು ಎರಡು ವರ್ಷ ಕುಡಿದಾಕಿ..." ಹೇಳುತ್ತ ಹೇಳುತ್ತ ಅವಳ ಮಾತು ತಾನಾಗಿ ನಿಂತಿತು. ಹಾಲು ಕುಡಿದ ಅಕ್ಕನಿಗೆ ಬಂದಿಲ್ಲ. ಕುಡಿಯದ ತನಗೆ ಬಂದಿದೆ. ಅಕ್ಕ ಇಷ್ಟು ವರ್ಷ ಕಣ್ಣೆದುರಿಗೇ ಇದ್ದಳು. ಹೊಲದಲ್ಲಿ ದುಡಿಯುವವಳು, ಬೆವರಿನಲ್ಲಿ ಹೋಗಿರಬೇಕು ಎಂದು ಎಲ್ಲರೂ ಅವಳನ್ನು ಲೆಕ್ಕದಿಂದ ಬಿಟ್ಟಿದ್ದರು.

"ಒಂದೇ ತಾಯಿ ತಂದೆ ಇದ್ರೂ ಪ್ರತಿ ಮಗುವಿಗೆ ಬರೋ ಪಾಲು ಬೇರೆ ಬೇರೆ" ಎಂದರು ಡಾಕ್ಟರು. "ಯಾರಿಗೆ ಯಾವುದು ಬಂದಿದೆ ಅಂತ ಮೊದಲೇ ನೋಡೋ ಉಪಾಯ ಇವತ್ತು ನಮ್ಮ ಹತ್ರ ಇಲ್ಲ."

ಜೈನಾಬಿ ಕೇಳಿದಳು. "ಒಂದೇ ಚೀಲದ ಅಕ್ಕಿ ಇರತೈತ್ರಿ. ಒಂದೇ ಉಸುಕು, ಒಂದೇ ಉರಿ. ಕೆಲವು ಅರಳ್ತಾವೆ, ಕೆಲವು ಕಾಳಾಗೇ ಉಳೀತಾವೆ. ಹಂಗಾ?"

"ಹೆಚ್ಚು ಕಮ್ಮಿ ಹಾಗೇ. ಕಾಳು ಬದಲಾಯಿಸೋಕೆ ನಮ್ಮಿಂದ ಆಗಲ್ಲ. ಉರಿ ಕಮ್ಮಿ ಮಾಡಬಹುದು. ಊಟ, ತೂಕ, ಓಡಾಟ, ಅದು ನಮ್ಮ ಕೈಯಲ್ಲಿದೆ. ಉರಿ ಕಮ್ಮಿ ಇದ್ರೆ ಕೆಲವರಿಗೆ ತಡವಾಗಿ ಬರುತ್ತೆ. ಕೆಲವರಿಗೆ ಬರದೇನೂ ಇರಬಹುದು."

ಕೊನೆಗೆ ಅವಳು ಕೇಳಬೇಕಾದದ್ದನ್ನು ಕೇಳಿದಳು. ಅಣ್ಣನ ಮಗ, ತನ್ನ ಮಗಳು.

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. "ಒಂದು ಕಡೆ ಇದ್ರೆ ಮುಂದಿನವರಿಗೆ ಬರೋ ಸಾಧ್ಯತೆ ಹೆಚ್ಚು. ಎರಡೂ ಕಡೆ ಇದ್ರೆ ಇನ್ನೂ ಹೆಚ್ಚು. ಬಂದೇ ಬರುತ್ತೆ ಅಂತಲ್ಲ. ಎಷ್ಟು ಅಂತ ಅಂಕಿ ಹೇಳಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ಮದುವೆ ಮಾಡಿ ಅಂತಾಗಲಿ, ಬೇಡ ಅಂತಾಗಲಿ ನಾನು ಹೇಳಲ್ಲ. ಅದು ತಿಳಿದುಕೊಂಡು ಎರಡೂ ಮನೆಯವರು ತೀರ್ಮಾನಿಸಬೇಕಾದದ್ದು."

ಮಾತ್ರೆ ಬರೆದುಕೊಟ್ಟರು. ಅನ್ನ ಕಡಿಮೆ, ಜೋಳದ ರೊಟ್ಟಿ, ಸಕ್ಕರೆಯಿಲ್ಲದ ಚಹಾ. ಈ ವರ್ಷ ರೋಜಾ ಸಾಕು ಎಂದರು. ಅದನ್ನು ಕೇಳಿದಾಗ ಮಾತ್ರ ಅವಳ ಕಣ್ಣು ತುಂಬಿತು.

ವಾಪಸು ಬಸ್ಸಿನಲ್ಲಿ ಕಲ್ಲಪ್ಪ ಇಬ್ಬರಿಗೂ ಟಿಕೆಟ್ ತೆಗೆಸಿದ. ಆಮೇಲೆ ತಗ್ಗಿದ ದನಿಯಲ್ಲಿ, "ತಂಗಿ, ಮಾತ್ರೆ ನಾನು ಹರಿಹರದಿಂದ ತಂದುಕೊಡ್ತೀನಿ. ಯಾರಿಗೂ ಗೊತ್ತಾಗೂದು ಬ್ಯಾಡ. ಹುಡುಗಿ ಮದುವಿ ಆಗಿ ಹೋಗ್ಲಿ" ಎಂದ.

"ಆಮೇಲೆ?"

"ಆಮೇಲೆ ಏನು? ಮದುವಿ ಆದಮೇಲೆ ನಿನಗ ಬಂತು ಅನ್ನಾಣ."

ಹಾಗೆ ಮಾಡುವವರು ಊರ ತುಂಬ ಇದ್ದರು. ಅದರಲ್ಲಿ ತಪ್ಪು ಹುಡುಕುವವರೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾದದ್ದು.

ಮೊದಲು ಹೇಳಬೇಕಾದದ್ದು ದುರುಗವ್ವನಿಗೆ ಎನ್ನಿಸಿ ಸಂಜೆಯೇ ಅವಳ ಮನೆಗೆ ಹೋದಳು. ಮುದುಕಿ ಕಟ್ಟೆಯ ಮೇಲೆ ಶೇಂಗಾಕಾಯಿ ಸುಲಿಯುತ್ತಿದ್ದಳು. ಎಲ್ಲ ಕೇಳಿದ ಮೇಲೆ ಕಾಳಿನ ಮೊರ ಪಕ್ಕಕ್ಕೆ ಸರಿಸಿದಳು.

"ನನ್ನ ಹಾಲಿನಾಗ ಏನು ಕಮ್ಮಿ ಆತು ಮಗಳ?"

"ಕಮ್ಮಿ ಏನೂ ಆಗಿಲ್ಲವ್ವ. ಹಾಲಿನಿಂದ ಬರಾದಲ್ಲಂತೆ."

"ಕಲ್ಲಪ್ಪಗ ಒಂದು ಮೊಲೆ ಕಮ್ಮಿ ಮಾಡಿ ನಿನಗ ಕುಡಿಸೀನಿ. ಅವ ಅಳ್ತಿದ್ದ. ಅತ್ತರ ಅಳ್ಲಿ, ಈ ಕೂಸು ಉಳೀಲಿ ಅಂತಿದ್ದೆ." ದುರುಗವ್ವ ಬೆರಳ ತುದಿಯಿಂದ ಕಣ್ಣು ಒತ್ತಿಕೊಂಡಳು. "ಎಲ್ಲಾರು ಹೇಳಾರು, ದುರುಗವ್ವನ ಹಾಲು ಜೈನಾನ ಉಳಿಸ್ತು ಅಂತ. ನಾನೂ ನಂಬಿದ್ದೆ."

"ಉಳಿಸೈತವ್ವ. ಇಲ್ದಿದ್ರ ಆಗಲೇ ಹೋಗ್ತಿದ್ನಿ. ಇವತ್ತು ನನ್ನ ಕೈ ಹಿಡಕೊಂಡು ಹರಿಹರಕ್ಕ ಕರಕೊಂಡು ಹೋದೋನು ಯಾರು? ನಿನ್ನ ಹಾಲು ಕೊಟ್ಟ ಅಣ್ಣನೇ ಅಲ್ಲ?"

ಮುದುಕಿ ಅವಳ ಮುಖ ನೋಡಿದಳು. "ರಹೀಮನ ಹೆಂಡ್ತಿಗೆ ಹೇಳ್ತೀಯಾ?"

"ನಿನ್ನ ಹಾಲಿನ ಮೇಲೆ ಮಾತು ಕೊಟ್ಟೀನಿ."

"ಹಂಗಾದ್ರ ನನ್ನ ಹಾಲಿನ ಹೆಸರು ಸುಳ್ಳಿಗೆ ಹಚ್ಚಬ್ಯಾಡ" ಎಂದಳು ದುರುಗವ್ವ. ಮೊರ ಮತ್ತೆ ಎಳೆದುಕೊಂಡಳು.

ಗಂಡನಿಗೆ ಆ ಹೆಂಗಸರ ತೊಂದರೆಯನ್ನೇ ಕಾರಣ ಹೇಳಿ, ಬಿಟ್ಟ ರೋಜಾಗಳಿಗೆ ಬದಲಾಗಿ ಜೈನಾಬಿ ದಿನಕ್ಕೊಬ್ಬ ಬಡವನಿಗೆ ಊಟ ಹಾಕಿದಳು. ಈದ್ ಬಂತು, ಹೋಯಿತು. ಎರಡನೆಯ ಭಾನುವಾರ ಅಬ್ದುಲ್ ರಹೀಮ್, ಅವನ ಹೆಂಡತಿ, ಹಿದಾಯತ್, ಇನ್ನೂ ನಾಲ್ಕು ಮಂದಿ ನೆಂಟರು ಬಂದು ಚಾಪೆಯ ಮೇಲೆ ಕುಳಿತರು. ಗಂಡಸರು ತಾರೀಖಿನ ಮಾತಾಡಿದರು. ಒಳಗಿನ ಕೋಣೆಯಲ್ಲಿ ಮುಮ್ತಾಜ್ ಹಸಿರು ಬಳೆ ಹಾಕಿಕೊಂಡು ಕುಳಿತಿದ್ದಳು. ಮಾತು ಮುಗಿದು, ಅತ್ತಿಗೆ ತಟ್ಟೆಯ ಮೇಲಿನ ವಸ್ತ್ರ ಸರಿಸಿ ಒಂದು ಚಮಚ ಸಕ್ಕರೆ ತೆಗೆದುಕೊಂಡು ಜೈನಾಬಿಯ ಬಾಯಿಗೆ ತಂದಳು. ಹುಡುಗಿಯ ತಾಯಿ ಅದನ್ನು ನುಂಗಿದರೆ ಮಾತು ಕೊಟ್ಟಂತೆ. ಒಂದು ಚಮಚ ಸಕ್ಕರೆಯಿಂದ ತನಗೇನೂ ಆಗುವುದಿಲ್ಲವೆಂದು ಜೈನಾಬಿಗೆ ಗೊತ್ತಿತ್ತು. ಅವಳು ಅತ್ತಿಗೆಯ ಮಣಿಕಟ್ಟು ಹಿಡಿದಳು.

"ಭಾಬಿ, ತಡಿ. ನನಗೂ ಐತೆ."

"ಏನೈತೆ?"

"ಸಕ್ಕರೆ ಕಾಯಿಲೆ. ಹರಿಹರದಾಗ ತೋರಿಸೀನಿ. ಹಾಲಿನಿಂದ ಬರಾದಲ್ಲಂತೆ, ಹುಟ್ಟಿನಿಂದ ಬರಾದಂತೆ. ನಾನು ನಿನಗ ಅಂದಿದ್ದ ಮಾತು ತಪ್ಪು."

ಹಯಾತ್ ಸಾಬ್ ಹೆಂಡತಿಯ ಮುಖ ನೋಡಿದ. ಅವನಿಗೂ ಆಗಲೇ ಗೊತ್ತಾದದ್ದು. ಅಬ್ದುಲ್ ರಹೀಮ್ ಚಮಚದ ಕಡೆ ಕೈ ಮಾಡಿ, "ಅಯ್ಯ, ಸ್ವಲ್ಪ ಇರಬಹುದು ಜೈನಾ. ನನಗೂ ಸ್ವಲ್ಪ ಐತಲ್ಲ. ತಿನ್ನು, ತಿನ್ನು" ಎಂದ.

ಆ ಮನೆತನದಲ್ಲಿ ಎಲ್ಲರಿಗೂ ಯಾವಾಗಲೂ 'ಸ್ವಲ್ಪ'ವೇ ಇರುತ್ತಿತ್ತು. ಬೆರಳು ತೆಗೆದ ಮೇಲೂ ಸ್ವಲ್ಪ, ಕಣ್ಣು ಮಂಜಾದ ಮೇಲೂ ಸ್ವಲ್ಪ. ಖುರ್ಷೀದಾಳನ್ನು ಮಣ್ಣು ಮಾಡಿ ಬಂದ ದಿನವೂ ಅಮ್ಮನಿಗೆ ಸ್ವಲ್ಪ ಇತ್ತು ಎಂದೇ ಬಂದವರಿಗೆ ಹೇಳಿದ್ದರು. ಚಮಚ ಇನ್ನೂ ತುಟಿಯ ಮುಂದೆಯೇ ಇತ್ತು. ಆಗ ಜೈನಾಬಿ ಡಾಕ್ಟರು ಹೇಳಿದ ಅಂಕಿಯನ್ನು, ಒಳಗಿನ ಕೋಣೆಗೂ ಕೇಳುವಂತೆ, ಗಟ್ಟಿಯಾಗಿ ಹೇಳಿದಳು. ಸರಿಯಾಗಿ ಎಷ್ಟಿರಬೇಕಿತ್ತು ಎಂಬುದನ್ನೂ ಹೇಳಿದಳು. ಒಳಗೆ ಬಳೆಗಳ ಸದ್ದು ನಿಂತಿತು.

ಅತ್ತಿಗೆ ಚಮಚವನ್ನು ತಟ್ಟೆಗೆ ಇಳಿಸಿ ವಸ್ತ್ರ ಮುಚ್ಚಿದಳು.

ಆ ಮದುವೆ ಆಗಲಿಲ್ಲ. ಯಾರೂ ಜಗಳವಾಡಲಿಲ್ಲ, ಬರುವುದು ನಿಂತಿತು, ಅಷ್ಟೇ. ಹಿದಾಯತನಿಗೆ ಬೇರೆ ಕಡೆ ಹೆಣ್ಣು ನೋಡಿದರು. ಮುಮ್ತಾಜ್ ತಾಯಿಯ ಜೊತೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು. ಭಟ್ಟಿಯ ಮುಂದೆ ಇಬ್ಬರೂ ಜರಡಿ ಹಿಡಿದು ನಿಂತರೆ ಉಸುಕು ಸೋರುವ ಸದ್ದು ಮಾತ್ರ ಕೇಳುತ್ತಿತ್ತು. "ನೀನು ಸುಮ್ಮನಿದ್ದಿದ್ರ ಏನಾಗ್ತಿತ್ತು ಅಮ್ಮೀ?" ಎಂದು ಒಮ್ಮೆ ಕೇಳಿದ್ದಳು. ಜೈನಾಬಿ ಜರಡಿಗೆ ಇನ್ನೊಂದು ಮೊರ ಮಂಡಕ್ಕಿ ಸುರಿದಿದ್ದಳು.

ಆರು ತಿಂಗಳ ಮೇಲೆ ಅತ್ತಿಗೆ ಭಟ್ಟಿಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. "ಆ ಹರಿಹರದ ಡಾಕ್ಟ್ರು ಎಲ್ಲಿ ಕೂಡ್ತಾರೆ? ದೊಡ್ಡ ಮಗಗ, ಹಿದಾಯತನ ಅಣ್ಣಗ, ಬಾಯಾರಿಕೆ ಭಾಳ ಐತೆ" ಎಂದಳು. ಜೈನಾಬಿ ಕೈ ತೊಳೆದುಕೊಂಡು ಅವಳ ಜೊತೆಯೇ ಹೊರಟಳು. ಬಸ್ಸಿನಲ್ಲಿ ಅತ್ತಿಗೆ ಬೇರೆ ಸೀಟಿನಲ್ಲಿ ಕುಳಿತಳು. ವಾಪಸು ಬರುವಾಗ ಪಕ್ಕದಲ್ಲಿ ಕುಳಿತಳು. ಆ ವರ್ಷ ಖುರ್ಷೀದಾಳ ಮೊಮ್ಮಕ್ಕಳಲ್ಲಿ ಇಪ್ಪತ್ತು ದಾಟಿದವರೆಲ್ಲ ಒಬ್ಬೊಬ್ಬರಾಗಿ ಆ ಗಾಜಿನ ಕೊಳವೆಯ ಮುಂದೆ ನಿಂತರು. ಹೆಚ್ಚಿನವರದು ನೀಲಿಯಾಗಿಯೇ ಉಳಿಯಿತು. ಉಳಿಯದವರಿಗೆ ಕಾಲು ಕಣ್ಣು ಹಾಳಾಗುವ ಮೊದಲೇ ತಿಳಿಯಿತು.

1983ರಲ್ಲಿ ಮುಮ್ತಾಜಳನ್ನು ಹರಿಹರ ತಾಲೂಕಿನ ಸಾರಥಿ ಗ್ರಾಮಕ್ಕೆ ಕೊಟ್ಟರು. ಅವರಿಗೂ ಅಂಕಿ ಹೇಳಿಯೇ ಕೊಟ್ಟದ್ದು. ಮೂರು ವರ್ಷದ ಮೇಲೆ ಅವಳು ಬಸುರಿಯಾದಾಗ ಅತ್ತೆ ಹರಿಹರಕ್ಕೆ ತೋರಿಸಲು ಕರೆತಂದಳು. ಜೈನಾಬಿ ದಾವಣಗೆರೆಯಿಂದ ಬಂದು ಜೊತೆಯಾದಳು. ಮಾತ್ರೆ ತಪ್ಪಿಸದ, ರೊಟ್ಟಿ ಎಣಿಸಿ ತಿನ್ನುವ ಹೆಂಗಸಾಗಿದ್ದಳು ಅವಳು, ಕೂದಲು ಬೆಳ್ಳಗಾಗಿತ್ತು. ಮೂವರೂ ಬೆಂಚಿನ ಮೇಲೆ ಕುಳಿತಿದ್ದಾಗ ನರ್ಸ್ ಬಂದು ಕೇಳಿದಳು.

"ನಿಮ್ಮ ಮನ್ಯಾಗ ಯಾರಿಗಾದ್ರೂ ಸಕ್ಕರೆ ಕಾಯಿಲೆ ಐತೇನಮ್ಮ?"

"ನಮ್ಮ ಮನ್ಯಾಗ ಯಾರಿಗೂ ಇಲ್ರಿ" ಎಂದಳು ಮುಮ್ತಾಜಳ ಅತ್ತೆ.

"ಅವರ ಮನ್ಯಾಗ ಇಲ್ರಿ. ನಮ್ಮ ತಾಯಿಗೈತೆ" ಎಂದಳು ಮುಮ್ತಾಜ್. "ಅಜ್ಜಿಗಿತ್ತು, ಇಬ್ಬರು ಮಾವಂದಿರಿಗೈತೆ. ನನಗ ಮೊದಲೇ ನೋಡಿಬಿಡ್ರಿ."

"ತಾಯಿಗೆ ಸ್ವಲ್ಪ ಐತಾ, ಜಾಸ್ತಿ ಐತಾ?"

ಮುಮ್ತಾಜ್ ತಾಯಿಯ ಕಡೆ ತಿರುಗಿದಳು. ಜೈನಾಬಿ ತಲೆ ತಗ್ಗಿಸಿ ಸೆರಗಿನ ಅಂಚು ಮಡಿಸುತ್ತಿದ್ದಳು. ಮಗಳು ಅವಳ ಕೈಯ ಮೇಲೆ ಕೈ ಇಟ್ಟಳು, ಐದು ವರ್ಷಗಳಲ್ಲಿ ಮೊದಲ ಸಲ.

"ನಮ್ಮ ಅಮ್ಮೀ ಸ್ವಲ್ಪ ಅಂತ ಯಾವತ್ತೂ ಹೇಳಿಲ್ರಿ" ಎಂದಳು. "ಗೊತ್ತಾದಾಗ ಎಷ್ಟಿತ್ತೋ ಅಷ್ಟು ಎಲ್ಲರ ಎದುರಿಗೆ ಹೇಳಿದ್ಲು. ಇನ್ನೂರ ಎಂಬತ್ತನಾಲ್ಕು."